ವಾರಸುದಾರರಿಲ್ಲದ ಸರ್ವರ್‌ಗಳು: ಮಾಹಿತಿ ಭದ್ರತೆಯ ಮುಖ್ಯಸ್ಥನಾಗಿ ನನ್ನ ಅನುಭವ

ಭದ್ರತೆಯ ಹೊಣೆ ಹೊತ್ತು ಹೊಸ ಕಂಪನಿಗೆ ಹೋದಾಗ ಮೊದಲ ತಿಂಗಳು ನಾನು ಯಾವ ಟೂಲನ್ನೂ ಕೊಳ್ಳುವುದಿಲ್ಲ. ಪ್ರತಿ ಸರ್ವರ್, ಪ್ರತಿ ಅಪ್ಲಿಕೇಶನ್ ಮುಂದೆ ಒಬ್ಬರ ಹೆಸರು ಬರೆಸುತ್ತೇನೆ. ‘ಇನ್‌ಫ್ರಾ ಟೀಮ್’ (ಸರ್ವರ್, ನೆಟ್‌ವರ್ಕ್ ನೋಡಿಕೊಳ್ಳುವ ತಂಡ) ಎಂದು ಬರೆದುಕೊಟ್ಟರೆ ವಾಪಸ್ ಕಳಿಸುತ್ತೇನೆ. ಟೀಮಿನ ಹೆಸರಿದ್ದ ಕಡೆ ಪ್ಯಾಚ್ (ಸಾಫ್ಟ್‌ವೇರ್ ದೋಷ ಸರಿಪಡಿಸುವ ಅಪ್‌ಡೇಟ್) ಹಾಕುವ ಸರದಿ ಬಂದಾಗ ಎಲ್ಲರೂ ಪಕ್ಕದವರ ಮುಖ ನೋಡುತ್ತಾರೆ.

ಆಕ್ಟಿವ್ ಡೈರೆಕ್ಟರಿಯಲ್ಲಿರುವ (ಕಂಪನಿಯ ಬಳಕೆದಾರರು, ಯಂತ್ರಗಳ ಕೇಂದ್ರ ಪಟ್ಟಿ) ಯಂತ್ರಗಳು, ಇಡಿಆರ್ ಏಜೆಂಟ್ (ಯಂತ್ರದ ಮೇಲೆ ಕೂತು ದಾಳಿ ಪತ್ತೆ ಹಚ್ಚುವ ಸಾಫ್ಟ್‌ವೇರ್) ಇರುವ ಯಂತ್ರಗಳು, ನೆಟ್‌ವರ್ಕ್ ಸ್ಕ್ಯಾನ್‌ನಲ್ಲಿ ಸಿಕ್ಕ ಯಂತ್ರಗಳು: ಈ ಮೂರನ್ನು ಒಂದೇ ಶೀಟಿನಲ್ಲಿ ಪಕ್ಕಪಕ್ಕ ಇಟ್ಟು ಹೋಲಿಸಿ. ಸ್ಕ್ಯಾನ್‌ನಲ್ಲಿ ಕಂಡು ಇಡಿಆರ್‌ನಲ್ಲಿ ಕಾಣದ ಯಂತ್ರಗಳಿಂದಲೇ ಕೆಲಸ ಶುರುವಾಗಬೇಕು. ನಾಲ್ಕನೆಯ ಪಟ್ಟಿ ಅಕೌಂಟ್ಸ್ ವಿಭಾಗದಲ್ಲಿದೆ: ಯಾವ ಕ್ಲೌಡ್ ಬಿಲ್ಲು ಯಾರ ಕಾರ್ಡಿನಿಂದ ಹೋಗುತ್ತಿದೆ ಎಂಬುದು. ಐಟಿಯವರಿಗೇ ಗೊತ್ತಿಲ್ಲದ ಅಕೌಂಟುಗಳು ಅಲ್ಲಿ ಸಿಗುತ್ತವೆ.

ವಾರಸುದಾರರೇ ಸಿಗದ ಸರ್ವರ್‌ಗೆ ಎರಡು ವಾರದ ನೋಟಿಸ್ ಕೊಡುತ್ತೇನೆ. ಆಮೇಲೆ ಸ್ನ್ಯಾಪ್‌ಶಾಟ್ (ಆ ಕ್ಷಣದ ಪೂರ್ತಿ ನಕಲು) ತೆಗೆದು ನೆಟ್‌ವರ್ಕ್ ಮಾತ್ರ ಕಿತ್ತಿಡುತ್ತೇನೆ, ಅಳಿಸುವುದಿಲ್ಲ. ಮೂವತ್ತು ದಿನ ಕಾದರೆ ಸಾಕೆಂದುಕೊಂಡರೆ ಕೆಡುತ್ತದೆ. ತ್ರೈಮಾಸಿಕ ಲೆಕ್ಕಕ್ಕೆ ಮಾತ್ರ ಏಳುವ ಬ್ಯಾಚ್ ಸರ್ವರ್‌ಗಳಿರುತ್ತವೆ, ಹಾಗಾಗಿ ನೂರು ದಿನ ಕಾಯಿರಿ. ವರ್ಷದ ಲೆಕ್ಕ ಮುಗಿಸುವ ಮಾರ್ಚ್ ತಿಂಗಳಲ್ಲಿ ಈ ಕೆಲಸಕ್ಕೆ ಕೈ ಹಾಕಲೇಬೇಡಿ.

ಈ ಹುದ್ದೆಗೆ ನಾನು ಬಂದ ದಾರಿ ಹೀಗೆ: ಸಾಕ್‌ನಲ್ಲಿ (ಎಸ್‌ಒಸಿ, ಹಗಲು ರಾತ್ರಿ ಅಲರ್ಟ್ ನೋಡುವ ಭದ್ರತಾ ಕೇಂದ್ರ) ಶಿಫ್ಟ್ ಕೆಲಸ, ನಂತರ ಇನ್ಸಿಡೆಂಟ್ ರೆಸ್ಪಾನ್ಸ್ (ದಾಳಿಯಾದಾಗ ತಡೆದು ತನಿಖೆ ಮಾಡುವ ಕೆಲಸ), ಆಮೇಲೆ ಆಡಿಟ್, ಕೊನೆಗೆ ರಿಸ್ಕ್. ತಾಂತ್ರಿಕ ಹಿನ್ನೆಲೆಯ ಹುಡುಗರು ಆಡಿಟ್ ಎಂದರೆ ಮೂಗು ಮುರಿಯುತ್ತಾರೆ. ನನ್ನ ಪ್ರಕಾರ ಅಲ್ಲೊಂದು ವರ್ಷ ಇರಲೇಬೇಕು. ಮಾಹಿತಿ ಭದ್ರತೆಯ ಅಂತರರಾಷ್ಟ್ರೀಯ ಮಾನದಂಡವಾದ ಐಎಸ್‌ಒ 27001ರ 2022ರ ಆವೃತ್ತಿಯ ಅನುಬಂಧದಲ್ಲಿ 93 ನಿಯಂತ್ರಣಗಳಿವೆ. ಒಂದೊಂದಕ್ಕೂ ಪುರಾವೆ ಕೇಳುತ್ತ ಹೋದರೆ ಎಚ್‌ಆರ್, ಖರೀದಿ, ಕಟ್ಟಡದ ಸೆಕ್ಯುರಿಟಿಯವರೆಗೆ ಕಂಪನಿ ಹೇಗೆ ನಡೆಯುತ್ತದೆ ಎಂದು ತಿಳಿಯುತ್ತದೆ. ಸಿಐಎಸ್‌ಎಸ್‌ಪಿ ಎಂಬ ಭದ್ರತಾ ಪ್ರಮಾಣಪತ್ರ ಬೇಕೇ ಎಂದು ಕೇಳುವವರಿಗೆ: ಪರೀಕ್ಷೆ ಪಾಸಾದರಷ್ಟೇ ಸಾಲದು. ಎಂಟು ವಿಷಯಗಳಲ್ಲಿ ಕನಿಷ್ಠ ಎರಡರಲ್ಲಿ ಸೇರಿ ಐದು ವರ್ಷದ ಅನುಭವ ತೋರಿಸಬೇಕು, ಕಂಪ್ಯೂಟರ್ ಅಥವಾ ಐಟಿ ಸಂಬಂಧಿತ ಪದವಿ ಇದ್ದರೆ ಒಂದು ವರ್ಷ ಕಡಿಮೆ. ಕೆಲಸ ಮಾಡುತ್ತಲೇ ಓದಿದರೆ ತಲೆಗೆ ಹತ್ತುತ್ತದೆ.

ಪ್ಯಾಚ್ ವಿಷಯದಲ್ಲಿ ಹೆಚ್ಚಿನವರು ದೋಷದ ತೀವ್ರತೆ ಹೇಳುವ ಸಿವಿಎಸ್‌ಎಸ್ ಅಂಕವನ್ನು ಮೇಲಿನಿಂದ ಕೆಳಗೆ ಜೋಡಿಸಿ ಟಿಕೆಟ್ ಹಾಕುತ್ತಾರೆ. ಸಾವಿರಾರು ಟಿಕೆಟ್ ನೋಡಿ ಇನ್‌ಫ್ರಾದವರು ಕೈಚೆಲ್ಲುತ್ತಾರೆ. ನಾನು ಮೊದಲು ಎರಡೇ ಪ್ರಶ್ನೆ ಕೇಳುತ್ತೇನೆ: ಯಂತ್ರ ಇಂಟರ್‌ನೆಟ್‌ಗೆ ತೆರೆದಿದೆಯೇ? ಆ ದೋಷ ಅಮೆರಿಕದ ಸೈಬರ್ ಭದ್ರತಾ ಸಂಸ್ಥೆ ಸಿಸಾ ಪ್ರಕಟಿಸುವ, ಈಗಾಗಲೇ ದುರ್ಬಳಕೆಯಾದ ದೋಷಗಳ ಪಟ್ಟಿಯಲ್ಲಿದೆಯೇ? ಎರಡಕ್ಕೂ ಹೌದಾದರೆ 72 ಗಂಟೆ, ಉಳಿದವಕ್ಕೆ 30 ದಿನ. ಅಂಕ ನೋಡುವುದು ಅದಾದ ಮೇಲೆ. ಗಡುವು ಏಕೆ ಬೇಕು ಎಂದು ವಾದಿಸುವವರಿಗೆ ಫೈಲುಗಳಿಗೆ ಬೀಗ ಹಾಕಿ ಹಣ ಕೇಳಿದ ವನ್ನಾಕ್ರೈ ದಾಳಿಯನ್ನು ನೆನಪಿಸುತ್ತೇನೆ: ಮೈಕ್ರೋಸಾಫ್ಟ್ ಪ್ಯಾಚ್ ಬಿಟ್ಟಿದ್ದು 2017ರ ಮಾರ್ಚ್ 14ರಂದು, ದಾಳಿ ಹಬ್ಬಿದ್ದು ಮೇ 12ರಂದು. ಎರಡು ತಿಂಗಳ ಹತ್ತಿರ ಸಮಯವಿತ್ತು.

ಗಡುವಿನಲ್ಲಿ ಆಗುವುದಿಲ್ಲ ಎನ್ನುವವರಿಗೆ ಒಂದು ಹಾಳೆ ಕೊಡುತ್ತೇನೆ. ಅದರಲ್ಲಿ ಐದೇ ಸಾಲು: ದೋಷ ಏನು, ಕೆಟ್ಟರೆ ಯಾವ ವ್ಯವಹಾರ ಎಷ್ಟು ದಿನ ನಿಲ್ಲುತ್ತದೆ, ಅಲ್ಲಿಯವರೆಗೆ ತಾತ್ಕಾಲಿಕ ತಡೆ ಏನು, ಯಾವ ತಾರೀಕಿನವರೆಗೆ, ಯಾರ ಸಹಿ. ಈ ವಿನಾಯಿತಿ ತೊಂಬತ್ತು ದಿನಕ್ಕಿಂತ ಹೆಚ್ಚಿಲ್ಲ. ಸಹಿ ನನ್ನದಲ್ಲ, ಆ ವ್ಯವಹಾರದ ಮುಖ್ಯಸ್ಥರದು. ‘ಬಿಲ್ಲಿಂಗ್ ಎರಡು ದಿನ ನಿಲ್ಲಬಹುದು’ ಎಂಬ ಸಾಲಿನ ಕೆಳಗೆ ಸಹಿ ಹಾಕಬೇಕಾದಾಗ ಭಾನುವಾರ ರಾತ್ರಿ ಡೌನ್‌ಟೈಮ್ ಸಿಕ್ಕಿಬಿಡುತ್ತದೆ. ಈ ಹಾಳೆಗೆ ಬೆಲೆ ಬರಬೇಕಾದರೆ ಭದ್ರತೆಯ ಮುಖ್ಯಸ್ಥ ಐಟಿ ಮುಖ್ಯಸ್ಥರ ಕೈಕೆಳಗೆ ಇರಬಾರದು. ಬ್ಯಾಂಕುಗಳಿಗೆ ಇದು ನಿಯಮವೇ ಆಗಿದೆ: ರಿಸರ್ವ್ ಬ್ಯಾಂಕಿನ 2023ರ ಐಟಿ ಆಡಳಿತ ನಿರ್ದೇಶನ 2024ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಬೇರೆ ಕ್ಷೇತ್ರದವರೂ ಕೆಲಸ ಒಪ್ಪಿಕೊಳ್ಳುವ ಮೊದಲೇ ಇದನ್ನು ಮಾತಾಡಿಕೊಳ್ಳಬೇಕು.

ಭಾರತ ಸರ್ಕಾರದ ಸೈಬರ್ ತುರ್ತು ಸ್ಪಂದನಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದ ಪ್ರಕಾರ ಘಟನೆ ಗಮನಕ್ಕೆ ಬಂದ ಆರು ಗಂಟೆಯೊಳಗೆ ವರದಿ ಮಾಡಬೇಕು, 180 ದಿನದ ಲಾಗ್ (ಯಂತ್ರಗಳ ಚಟುವಟಿಕೆಯ ದಾಖಲೆ) ಇಟ್ಟಿರಬೇಕು. ಕಾಗದದ ಮೇಲೆ ಎಲ್ಲರಲ್ಲೂ ಇದೆ. ಪರೀಕ್ಷೆ ಸುಲಭ: 170 ದಿನದ ಹಿಂದಿನ ಒಂದು ತಾರೀಕು ಹೇಳಿ, ಆ ದಿನ ಮಧ್ಯಾಹ್ನ ಮೂರು ಗಂಟೆಯ ವಿಪಿಎನ್ ಲಾಗಿನ್ ಒಂದನ್ನು ತೋರಿಸಿ ಎನ್ನಿ. ಡಿಸ್ಕ್ ತುಂಬಿ ಹಳೆಯ ಲಾಗ್ ತಾನೇ ಅಳಿದುಹೋಗಿರುವುದು ಆಗಲೇ ಗೊತ್ತಾಗುತ್ತದೆ. ಫೈರ್‌ವಾಲ್ ಯುಟಿಸಿಯಲ್ಲಿ (ಜಾಗತಿಕ ಪ್ರಮಾಣ ಸಮಯ), ಅಪ್ಲಿಕೇಶನ್ ಭಾರತೀಯ ಸಮಯದಲ್ಲಿ ಬರೆಯುತ್ತಿದ್ದರೆ ಐದೂವರೆ ಗಂಟೆ ವ್ಯತ್ಯಾಸ. ಅವಸರದಲ್ಲಿ ಎರಡನ್ನೂ ಹೊಂದಿಸುವಾಗ ತನಿಖೆ ದಾರಿ ತಪ್ಪುತ್ತದೆ. ಎಲ್ಲ ಲಾಗ್‌ಗೂ ಸಮಯವಲಯವನ್ನು ಸೇರಿಸಿಯೇ ಬರೆಸಿ.

ಆರು ಗಂಟೆ ಹಾಳಾಗುವುದು ಹೆಚ್ಚಾಗಿ ‘ಖಚಿತವಾಗಲಿ ತಡೀರಿ’ ಎಂಬ ಮಾತಿನಲ್ಲಿ. ಮೊದಲ ವರದಿಗೆ ಆ ಹೊತ್ತಿಗೆ ಗೊತ್ತಿದ್ದಷ್ಟು ಸಾಕು, ಉಳಿದದ್ದನ್ನು ಮುಂದೆ ಸೇರಿಸಬಹುದು. ಕಂಪನಿಯ ಹೆಸರು, ವಿಳಾಸ, ಸಂಪರ್ಕ ವ್ಯಕ್ತಿ ತುಂಬಿದ ಕರಡು ಮೊದಲೇ ಸಿದ್ಧವಿರಲಿ. ಕಳಿಸುವ ಅಧಿಕಾರ ರಾತ್ರಿ ಪಾಳಿಯ ಮುಖ್ಯಸ್ಥರಿಗೇ ಇರಲಿ. ನಾನು ಫೋನಿಗೆ ಸಿಗಲಿಲ್ಲ ಎಂಬ ಕಾರಣಕ್ಕೆ ವರದಿ ನಿಲ್ಲಬಾರದು.

ತಂಡದ ವಿಷಯದಲ್ಲಿ ನನಗೆ ಒಂದು ಮಾತು ಬಹಳ ಮುಖ್ಯ. ಫಿಶಿಂಗ್ (ಮೋಸದ ಮೇಲ್) ಲಿಂಕ್ ಒತ್ತಿದವರನ್ನು ಎಲ್ಲರೆದುರು ಹೆಸರಿಸಿದರೆ ಮುಂದಿನ ಸಲ ಅವರು ಮುಚ್ಚಿಡುತ್ತಾರೆ. ಎಷ್ಟು ಜನ ಒತ್ತಿದರು ಎಂಬುದರ ಬದಲು, ಮೊದಲ ದೂರು ಎಷ್ಟು ನಿಮಿಷದಲ್ಲಿ ಬಂತು ಎಂಬುದನ್ನೇ ಬೋರ್ಡಿಗೆ ತೋರಿಸುತ್ತೇನೆ. ಲಿಂಕ್ ಒತ್ತಿ ತಕ್ಷಣ ತಿಳಿಸಿದವರಿಗೆ ನಾನೇ ಫೋನ್ ಮಾಡಿ ಥ್ಯಾಂಕ್ಸ್ ಹೇಳುತ್ತೇನೆ. ಸಾಕ್‌ನಲ್ಲಿ ವಾರಕ್ಕೊಮ್ಮೆ ಅತಿ ಹೆಚ್ಚು ಸುಳ್ಳು ಅಲರ್ಟ್ ಕೊಟ್ಟ ಐದು ನಿಯಮಗಳನ್ನು ತೆಗೆದು ತಿದ್ದುತ್ತೇವೆ. ಅಲರ್ಟ್ ಬಂದಾಗ ಏನು ಮಾಡಬೇಕೆಂದು ಬರೆದಿಲ್ಲದ ನಿಯಮಕ್ಕೆ ರಾತ್ರಿ ಮೂರು ಗಂಟೆಗೆ ಯಾರನ್ನೂ ಎಬ್ಬಿಸುವ ಹಕ್ಕಿಲ್ಲ.

ದಾಳಿಯ ದಿನ ಮೇಲ್ ಇರುವುದಿಲ್ಲ, ಚಾಟ್ ಇರುವುದಿಲ್ಲ, ಫೋನ್ ನಂಬರ್‌ಗಳಿರುವ ಶೀಟೂ ತೆರೆಯುವುದಿಲ್ಲ. ಲೀಗಲ್, ಬ್ಯಾಕಪ್ ನೋಡುವವರು, ಇಂಟರ್‌ನೆಟ್ ಲೈನ್ ಕೊಟ್ಟವರು, ವಿಮೆಯವರು, ಎಲ್ಲರ ನಂಬರ್ ಪ್ರಿಂಟ್ ಮಾಡಿ ಲ್ಯಾಮಿನೇಟ್ ಮಾಡಿಸಿ ಸಾಕ್‌ನ ಗೋಡೆಗೊಂದು, ಪಾಳಿಯ ಮುಖ್ಯಸ್ಥರ ಬ್ಯಾಗಿಗೊಂದು ಇಡಿ. ತಿಂಗಳ ಮೊದಲ ಸೋಮವಾರ ಒಬ್ಬರು ಕೂತು ಎಲ್ಲ ನಂಬರ್‌ಗೂ ಕರೆ ಮಾಡುತ್ತಾರೆ. ಎತ್ತದ ನಂಬರಿಗೆ ಅಂದು ಸಂಜೆಯೊಳಗೆ ಬೇರೆ ಹೆಸರು ಬರಬೇಕು.