ತೋಟಕ್ಕೆ ಹಳೇ ಜೀಪು ಕೊಳ್ಳುವವರಿಗೆ

ಟಾರು ರಸ್ತೆಯಿಂದ ನಮ್ಮ ಮನೆಗೆ ಒಂದೂಕಾಲು ಕಿಲೋಮೀಟರ್. ಅದರಲ್ಲಿ ಒಂದು ಕಿಲೋಮೀಟರಿಗೆ ಯಾವ ಗಾಡಿಯಾದರೂ ಆದೀತು. ಉಳಿದ ಕಾಲು ಕಿಲೋಮೀಟರ್ ಹಲಸಿನ ಮರದ ಚಡಾವು. ಒಂದು ಮಗ್ಗುಲಿಗೆ ಧರೆ (ಕಡಿದ ಮಣ್ಣಿನ ಗೋಡೆ), ಇನ್ನೊಂದು ಮಗ್ಗುಲಿಗೆ ತೋಟದ ಇಳಿಜಾರು, ನಡುವೆ ಕೆಂಪು ಜೇಡಿ. ನಮ್ಮದು ಹೊಸನಗರ ತಾಲ್ಲೂಕು. ಇಲ್ಲಿನ ಮಳೆಯ ಬಗ್ಗೆ ಬೇರೆ ಹೇಳಬೇಕಾಗಿಲ್ಲ, ಅಲ್ವಾ?

2017ರಲ್ಲಿ ಬೆಂಗಳೂರು ಬಿಟ್ಟು ಬಂದ ನಾನು ಆ ಒಂದು ಕಿಲೋಮೀಟರನ್ನು ನೋಡಿ ಗಾಡಿ ಕೊಂಡೆ. ಹಿಂದಿನ ಚಕ್ರ ಮಾತ್ರ ಎಳೆಯುವ ಸೆಕೆಂಡ್ ಹ್ಯಾಂಡ್ ಪಿಕಪ್. ಬೇಸಿಗೆಯಲ್ಲಿ ಹತ್ತು ಮೂಟೆ ಗೊಬ್ಬರ ಹೇರಿಕೊಂಡು ಆರಾಮಾಗಿ ಹತ್ತುತ್ತಿತ್ತು. ಪುನರ್ವಸು ಮಳೆ ಹಿಡಿದ ಮೇಲೆ ಒಂದು ಸಂಜೆ ಖಾಲಿ ಗಾಡಿಯಲ್ಲಿ ಬಂದೆ. ಚಡಾವಿನ ಅರ್ಧಕ್ಕೆ ಹಿಂದಿನ ಚಕ್ರ ನಿಂತಲ್ಲೇ ತಿರುಗತೊಡಗಿತು. ಬ್ರೇಕ್ ಒತ್ತಿದೆ. ನಾಲ್ಕೂ ಚಕ್ರ ನಿಂತವು, ಗಾಡಿ ನಿಲ್ಲಲಿಲ್ಲ. ಹಿಂದಕ್ಕೆ ಜಾರಿ ಧರೆಗೆ ಗುದ್ದಿತು. ಪುಣ್ಯಕ್ಕೆ ಧರೆಯ ಕಡೆಗೇ ಜಾರಿತು.

ತಪ್ಪು ಗಾಡಿಯದ್ದಲ್ಲ. ಖಾಲಿ ಪಿಕಪ್ಪಿನ ತೂಕವೆಲ್ಲ ಮುಂದೆ, ಎಂಜಿನ್ ಮೇಲೆ ಇರುತ್ತದೆ. ಎಳೆಯುವ ಚಕ್ರದ ಮೇಲೆ ಭಾರವೇ ಇಲ್ಲದಿದ್ದರೆ ಅದು ನೆಲವನ್ನು ಹಿಡಿಯುವುದಾದರೂ ಹೇಗೆ? ಆ ಮಳೆಗಾಲವಿಡೀ ನಾಲ್ಕು ಚೀಲ ಮರಳು ಹೊತ್ತುಕೊಂಡೇ ಓಡಾಡಿದೆ. ಹಾಗಾಗಿ ಮೊದಲ ಮಾತು: ಗಾಡಿ ನೋಡುವ ಮುಂಚೆ ನಿಮ್ಮ ದಾರಿಯ ಅತಿ ಕೆಟ್ಟ ಕಾಲು ಕಿಲೋಮೀಟರನ್ನು ಅಳೆಯಿರಿ. ಅದೂ ಜುಲೈನಲ್ಲಿ, ಕೊಡೆ ಹಿಡಿದುಕೊಂಡು.

ಚಡಾವು ಅಳೆಯಲು ಯಂತ್ರ ಬೇಡ. ಎರಡು ಮೀಟರಿನ ಮರದ ರೀಪು, ಅರ್ಧ ನೀರು ತುಂಬಿದ ಬಾಟಲಿ, ಒಂದು ಟೇಪು ಸಾಕು. ರೀಪಿನ ಒಂದು ತುದಿ ಮೇಲ್ಗಡೆ ನೆಲಕ್ಕೆ ತಾಗಿರಲಿ. ಇನ್ನೊಂದು ತುದಿಯನ್ನು ಎತ್ತಿ, ಬಾಟಲಿಯನ್ನು ರೀಪಿನ ಮೇಲೆ ಮಲಗಿಸಿ, ನೀರು ಸಮ ಬರುವಂತೆ ಹಿಡಿಯಿರಿ. ಆ ತುದಿಯಿಂದ ನೆಲಕ್ಕೆ ಎಷ್ಟಿದೆ ನೋಡಿ. 40 ಸೆಂಟಿಮೀಟರ್ ಬಂದರೆ ಐದಕ್ಕೆ ಒಂದರ ಏರು. ನಮ್ಮ ಹಲಸಿನ ಮರದ ಹತ್ತಿರ 52 ಬಂತು, ನಾಲ್ಕಕ್ಕೆ ಒಂದಕ್ಕಿಂತ ಕಡಿದು. ಒದ್ದೆ ಜೇಡಿಯಲ್ಲಿ ಇಷ್ಟು ಏರಿಗೆ ನಾಲ್ಕೂ ಚಕ್ರದ ಎಳೆತ ಬೇಕೇ ಬೇಕು ಅಂತ ನನ್ನ ಅನುಭವ. ಹಾಗೆಯೇ ಅಗಲವನ್ನೂ ಅಳೆಯಿರಿ. ನಮ್ಮ ಹಳ್ಳದ ಮೇಲಿನ ಕಲ್ಲುಚಪ್ಪಡಿಯ ಸಂಕ 2.1 ಮೀಟರ್. ಮಾರುತಿ ಜಿಪ್ಸಿಯ ಅಗಲ 1540 ಮಿಲಿಮೀಟರ್, 2020ರಲ್ಲಿ ಬಂದ ಮಹೀಂದ್ರದ ಹೊಸ ಥಾರ್‌ನದು 1820. ಕಾಗದದ ಮೇಲೆ ಸಣ್ಣ ವ್ಯತ್ಯಾಸ. ಸಂಕದ ಮೇಲೆ ಕಿಟಕಿಯಿಂದ ತಲೆ ಹೊರಗೆ ಹಾಕಿ ಚಕ್ರ ನೋಡುವಾಗ ಅದು ಎಷ್ಟು ದೊಡ್ಡದು ಅಂತ ಗೊತ್ತಾಗುತ್ತದೆ.

ಆಮೇಲೆ ಹೊರೆ. ಒಂದು ವರ್ಷ ಗೋಡೆಯ ಕ್ಯಾಲೆಂಡರಿನಲ್ಲೇ ಬರೆದಿಟ್ಟೆ. ಯೂರಿಯಾ ಮೂಟೆ ಈಗ 45 ಕಿಲೋ, ಬೇರೆ ಗೊಬ್ಬರ 50. ಕೊಳೆ ರೋಗಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣದ 200 ಲೀಟರಿನ ಡ್ರಮ್ಮು ತುಂಬಿದರೆ ಇನ್ನೂರು ಕಿಲೋ ದಾಟುತ್ತದೆ. ಸಿಲಿಂಡರು, ಹಿಂಡಿ, ಸೊಪ್ಪಿನ ಬೆಟ್ಟದಿಂದ ತರುವ ದರಗು (ಒಣ ಎಲೆ), ಮಗಳನ್ನು ಶಾಲೆಯ ಬಸ್ಸಿಗೆ ಬಿಡುವುದು, ಅತ್ತೆಯನ್ನು ಆಸ್ಪತ್ರೆಗೆ ಕರೆದೊಯ್ಯುವುದು, ಎಲ್ಲ ಬರೆದೆ. ವರ್ಷದ ಕೊನೆಗೆ ಎಣಿಸಿದರೆ ಐನೂರು ಕಿಲೋಗಿಂತ ಜಾಸ್ತಿ ಹೇರಿದ್ದು ಬರೀ ಹನ್ನೊಂದು ದಿನ! ಅದರಲ್ಲಿ ಒಂಬತ್ತು ದಿನ ಒಣ ಕಾಲದಲ್ಲಿ. ಹನ್ನೊಂದು ದಿನಕ್ಕಾಗಿ ಪಿಕಪ್ ಸಾಕುತ್ತಿದ್ದೆ. ಈಗ ಆ ದಿನಗಳಿಗೆ ಊರಿನ ಬಾಡಿಗೆ ಗಾಡಿ ಹೇಳುತ್ತೇನೆ. ಉಳಿದ ದಿನಗಳಿಗೆ ಜೀಪು ಸಾಕು.

ನಿಮ್ಮ ಲೆಕ್ಕ ಬೇರೆ ಬರಬಹುದು. ವಾರಕ್ಕೆರಡು ಸಲ ಟನ್ ಹೇರುವವರಾದರೆ ಬೊಲೆರೊ ಕ್ಯಾಂಪರ್‌ನ ಫೋರ್ ವೀಲ್, ಅಂದರೆ ನಾಲ್ಕೂ ಚಕ್ರ ಎಳೆಯುವ ಮಾದರಿ ಹುಡುಕಿ. ಎರಡು ಸಾಲು ಸೀಟು, ಹಿಂದೆ ಒಂದು ಟನ್. ಆದರೆ ಗಾಡಿ ಉದ್ದ, ತಿರುವಿನಲ್ಲಿ ಎರಡು ಸಲ ಹಿಂದೆ ಮುಂದೆ ಮಾಡಬೇಕು. ಎರಡು ಎಕರೆ ಸಪಾಟು ತೋಟ ಇದ್ದವರು ಜೀಪಿನ ಯೋಚನೆಯನ್ನೇ ಬಿಡಬಹುದು. ಪವರ್ ಟಿಲ್ಲರಿಗೆ ಟ್ರೈಲರ್ ಹಾಕಿದರೆ ಕೆಲಸ ಆಗುತ್ತದೆ. ಆದರೆ ಕಡಿದಾದ ಇಳಿಜಾರಿನಲ್ಲಿ ತುಂಬಿದ ಟ್ರೈಲರ್ ಹಿಂದಿನಿಂದ ನೂಕುವಾಗ ಟಿಲ್ಲರ್ ನಮ್ಮ ಮಾತು ಕೇಳುವುದಿಲ್ಲ. ರೆಸಾರ್ಟುಗಳಲ್ಲಿ ಓಡಿಸುವ ನಾಲ್ಕು ಚಕ್ರದ ಎಟಿವಿಯನ್ನೂ ನಮ್ಮವರು ಆಸೆಯಿಂದ ನೋಡಿದ್ದರು. ಅಂಥವು ಹೆಚ್ಚಾಗಿ ರಸ್ತೆಗೆ ನೋಂದಣಿಯಾದವಲ್ಲ. ಸೊಸೈಟಿಗೆ ಹೋಗಲು ಟಾರು ರಸ್ತೆಗೇ ಇಳಿಯಬೇಕಾದ ನಮಗೆ ಅದು ಆಟಿಕೆ.

ಸರಿ, ಜೀಪು ಅಂದರೆ ಯಾವ ಜೀಪು? ಒಂದು ಭಾನುವಾರ ನಿಟ್ಟೂರಿನ ಕಡೆ ಹೋಗಿ, ಕೊಡಚಾದ್ರಿಗೆ ಬಾಡಿಗೆ ಹೊಡೆಯುವ ಜೀಪುಗಳನ್ನು ನೋಡಿ. 1343 ಮೀಟರಿನ ಬೆಟ್ಟ, ಕಲ್ಲು ಗುಂಡಿಯ ದಾರಿ, ಪ್ರತಿ ದಿನ ತುಂಬ ಜನ. ಅಲ್ಲಿ ಹೊಳೆಯುವ ಗಾಡಿಗಳಿಗಿಂತ ಮಹೀಂದ್ರದ ಹಳೇ ಜೀಪುಗಳೇ ಕಣ್ಣಿಗೆ ಬೀಳುತ್ತವೆ. ಡ್ರೈವರಿಗೊಂದು ಚಹಾ ಕೊಡಿಸಿ, ವರ್ಷಕ್ಕೆ ಏನೇನು ಹಾಳಾಗುತ್ತದೆ ಅಂತ ಕೇಳಿ. ಶೋರೂಮಿನಲ್ಲಿ ಸಿಗದ ಮಾಹಿತಿ ಅದು.

ಮಹೀಂದ್ರದ ಎಂಎಂ 540 ನಮ್ಮ ಕಡೆಯ ಹಳೇ ಹುಲಿ. ಪೆಜೊ ಮೂಲದ 2112 ಸಿಸಿ ಡೀಸೆಲ್ ಎಂಜಿನ್, ಮುಂದೆ ಹಿಂದೆ ಲೀಫ್ ಸ್ಪ್ರಿಂಗು. ರಿಪೇರಿ ಸುಲಭ, ಬೆಲೆ ಕಡಿಮೆ. ಆದರೆ ಎಲ್ಲಕ್ಕೂ ವಯಸ್ಸಾಗಿದೆ, ಎಷ್ಟು ಸಲ ಎಂಜಿನ್ ಬಿಚ್ಚಿದ್ದಾರೋ ದೇವರೇ ಬಲ್ಲ. 2010ರಲ್ಲಿ ಬಂದ ಮೊದಲ ಥಾರ್‌ನಲ್ಲಿ ಡೀಸೆಲ್ ಎಂಜಿನ್ ಎರಡು ಬಗೆ. ಡಿಐ ಎಂಜಿನ್ 2523 ಸಿಸಿ, 63 ಕುದುರೆ ಶಕ್ತಿ. ಸದ್ದು ಜಾಸ್ತಿ, ವೇಗ ಇಲ್ಲ, ತೋಟಕ್ಕೆ ಸಾಕೋ ಸಾಕು. ಸಿಆರ್‌ಡಿಇ ಎಂಜಿನ್ 105 ಕುದುರೆ ಶಕ್ತಿಯದು. ಓಡಿಸಲು ಖುಷಿ, ಬೆಲೆಯೂ ಹಾಗೇ. ಎಚ್ಚರ: ಡಿಐನಲ್ಲಿ ಹಿಂದಿನ ಚಕ್ರ ಮಾತ್ರ ಎಳೆಯುವ ಮಾದರಿಯೂ ಇತ್ತು. ಹೊರಗಿನಿಂದ ಎರಡೂ ಒಂದೇ ಥರ ಕಾಣುತ್ತವೆ. ಬಗ್ಗಿ, ಮುಂದಿನ ಆ್ಯಕ್ಸಲ್ಲಿಗೆ ಶಾಫ್ಟ್ ಇದೆಯಾ ನೋಡಿ.

ಜಿಪ್ಸಿ ನನಗೆ ಇಷ್ಟ. ಸಾಫ್ಟ್ ಟಾಪ್ ಸಾವಿರ ಕಿಲೋಗೂ ಕಡಿಮೆ ತೂಕ, ಕೆಸರಿನಲ್ಲಿ ಹುಗಿಯದೆ ಮೇಲೆ ಮೇಲೆ ಹೋಗುತ್ತದೆ. ಆದರೆ ಪೆಟ್ರೋಲ್ ಕುಡಿಯುತ್ತದೆ, ಸೀಟಿನಲ್ಲಿ ಕೂತರೆ ಸೊಂಟದ ಲೆಕ್ಕ ಬೇರೆ. ಫೋರ್ಸ್ ಗೂರ್ಖಾದಲ್ಲಿ ಮುಂದಿನ, ಹಿಂದಿನ ಎರಡೂ ಡಿಫರೆನ್ಷಿಯಲ್ (ಎರಡು ಚಕ್ರಕ್ಕೆ ಬಲ ಹಂಚುವ ಗೇರು) ಲಾಕ್ ಮಾಡಬಹುದು, ಆಗ ಒಂದು ಚಕ್ರ ಜಾರಿದರೂ ಇನ್ನೊಂದು ಎಳೆಯುತ್ತದೆ, ದೊಡ್ಡ ಗುಣ ಅದು. ನಾನು ತೆಗೆದುಕೊಳ್ಳಲಿಲ್ಲ. ನಮ್ಮೂರ ಗ್ಯಾರೇಜಿನವರು, "ಅಕ್ಕಾ, ಅದನ್ನ ನಾನು ಬಿಚ್ಚಿಲ್ಲ" ಅಂದರು. ನನಗೆ ಅಷ್ಟೇ ಸಾಕಾಗಿತ್ತು. ನಿಮ್ಮ ಮೆಕ್ಯಾನಿಕ್ ಬಿಚ್ಚಿ ನೋಡಿರದ ಗಾಡಿಯನ್ನು ತೋಟಕ್ಕೆ ತರಬೇಡಿ. ಶಿವಮೊಗ್ಗದಿಂದ ಬಸ್ಸಿನಲ್ಲಿ ಸಾಮಾನು ತರಿಸಿ, ಅದೇ ಸಂಜೆ ಕೂರಿಸುವಂತಿರಬೇಕು.

ಒಂದು ವಿಷಯದಲ್ಲಿ ಮಾತ್ರ ರಾಜಿ ಬೇಡ. ಅದು ಲೋ ಗೇರು. ನಾಲ್ಕೂ ಚಕ್ರ ಎಳೆದರೆ ಸಾಲದು, ನಿಧಾನಕ್ಕೂ ಎಳೆಯಬೇಕು. ಹಳೇ ಮಹೀಂದ್ರ ಜೀಪುಗಳಲ್ಲಿ ಗೇರಿನ ಪಕ್ಕದ ಸಣ್ಣ ಲಿವರ್ ಫೋರ್ ಲೋಗೆ (ನಾಲ್ಕೂ ಚಕ್ರಕ್ಕೆ ಲೋ ಗೇರು) ಹಾಕಿದರೆ ಚಕ್ರಕ್ಕೆ ಸುಮಾರು ಎರಡೂವರೆ ಪಟ್ಟು ಬಲ ಸಿಗುತ್ತದೆ, ವೇಗ ಅಷ್ಟೇ ಕಡಿಮೆಯಾಗುತ್ತದೆ. ಹತ್ತುವುದಕ್ಕಿಂತ ಇಳಿಯುವಾಗ ಇದರ ಬೆಲೆ ಗೊತ್ತಾಗುವುದು. ಮೊದಲ ಗೇರು, ಫೋರ್ ಲೋ, ಬ್ರೇಕಿನಿಂದ ಕಾಲು ತೆಗೆದರೂ ಜೀಪು ಮುದುಕಿಯ ಹಾಗೆ ಒಂದೊಂದೇ ಹೆಜ್ಜೆ ಇಟ್ಟು ಇಳಿಯುತ್ತದೆ. ನಗರದ ಎಷ್ಟೋ ಎಸ್‌ಯುವಿಗಳಲ್ಲಿ ನಾಲ್ಕು ಚಕ್ರದ ಎಳೆತ ಇದ್ದರೂ ಈ ಗೇರು ಇರುವುದಿಲ್ಲ.

ಇನ್ನು ನೋಡಲು ಹೋಗುವುದು. ಬೆಳಿಗ್ಗೆ ಹೋಗಿ, ಮೊದಲು ಬಾನೆಟ್ ಮೇಲೆ ಕೈಯಿಡಿ. ಬೆಚ್ಚಗಿದ್ದರೆ ನೀವು ಬರುವ ಮುಂಚೆ ಸ್ಟಾರ್ಟ್ ಮಾಡಿಟ್ಟಿದ್ದಾರೆ ಅಂತ. ನಾನು ನೋಡಿದ ಒಂದು ಜೀಪಿನವರು, "ಈಗಷ್ಟೇ ತೊಳೆಯೋಕೆ ಆಚೆ ತೆಗೆದೆ ಮೇಡಂ" ಅಂದರು. ಗಾಡಿಯ ಮೇಲೆ ಧೂಳು ಹಾಗೇ ಇತ್ತು. ತಣ್ಣಗಿನ ಎಂಜಿನ್ ಸ್ಟಾರ್ಟ್ ಮಾಡಿ. ಮೊದಲು ಸ್ವಲ್ಪ ಹೊಗೆ ಬಂದರೆ ಪರವಾಗಿಲ್ಲ. ಬಿಸಿಯಾದ ಮೇಲೂ ನೀಲಿ ಹೊಗೆ ನಿಲ್ಲದಿದ್ದರೆ ಆಯಿಲ್ ಸುಡುತ್ತಿದೆ. ಎಂಜಿನ್ ಓಡುತ್ತಿರುವಾಗಲೇ ಆಯಿಲ್ ಹಾಕುವ ಮುಚ್ಚಳವನ್ನು ನಿಧಾನಕ್ಕೆ ತೆಗೆದು ನೋಡಿ. ಒಲೆ ಊದಿದ ಹಾಗೆ ಹೊಗೆ ಒತ್ತಿಕೊಂಡು ಬಂದರೆ ಪಿಸ್ಟನ್, ರಿಂಗ್ ಸವೆದಿವೆ. ಅಲ್ಲಿಗೆ ಎಂಜಿನ್ ಕೆಲಸದ ಖರ್ಚು ಸೇರಿಸಿಕೊಂಡೇ ಬೆಲೆ ಮಾತಾಡಿ.

ಆಮೇಲೆ ಚಾಪೆ ಹಾಸಿ ಗಾಡಿಯ ಕೆಳಗೆ ಮಲಗಿ. ಸೀರೆಯಲ್ಲಿ ಆಗುವ ಕೆಲಸವಲ್ಲ, ನಾನು ಹಳೇ ಚೂಡಿದಾರದಲ್ಲಿ ಹೋಗಿದ್ದೆ. ಸ್ಕ್ರೂಡ್ರೈವರಿನ ಹಿಡಿಯಿಂದ ಚಾಸಿಯನ್ನು, ಅಂದರೆ ಗಾಡಿಯ ಅಡಿಯ ಚೌಕಟ್ಟನ್ನು, ಉದ್ದಕ್ಕೂ ಕುಟ್ಟಿ. ಗಟ್ಟಿ ಇದ್ದಲ್ಲಿ ಟಣ್ ಅನ್ನುತ್ತದೆ, ತುಕ್ಕು ತಿಂದಲ್ಲಿ ಹಲಸಿನ ಹಣ್ಣು ಬಡಿದ ಹಾಗೆ ಬೊದ್ ಅನ್ನುತ್ತದೆ. ಲೀಫ್ ಸ್ಪ್ರಿಂಗ್ ಚಾಸಿಗೆ ಸೇರುವ ಜಾಗವನ್ನು ಎರಡು ಸಲ ನೋಡಿ. ಹೊಸದಾಗಿ ಕಪ್ಪು ಪೇಂಟ್ ಬಳಿದಿದ್ದರೆ ಮೂರು ಸಲ. ಮೆಕ್ಯಾನಿಕ್ ಜೊತೆಗಿದ್ದರೆ ಎರಡೂ ಡಿಫರೆನ್ಷಿಯಲ್ಲಿನ ಆಯಿಲ್ ಬೆರಳಿಗೆ ತೆಗೆದು ತೋರಿಸಲು ಹೇಳಿ. ಹಾಲು ಹಾಕಿದ ಚಹಾದ ಬಣ್ಣ ಇದ್ದರೆ ನೀರು ಹೊಕ್ಕಿದೆ, ಹಳ್ಳದಲ್ಲಿ ಇಳಿಸಿದ ಗಾಡಿ ಅದು.

ಫೋರ್ ವೀಲ್ ಕೆಲಸ ಮಾಡುತ್ತದೆ ಅಂತ ಬಾಯಿಮಾತಿಗೆ ನಂಬಬೇಡಿ. ಟಾರಿನ ಮೇಲೆ ಪರೀಕ್ಷೆ ಮಾಡಲೂ ಬೇಡಿ. ಇಂಥ ಜೀಪುಗಳಲ್ಲಿ ಒಣ ರಸ್ತೆಯ ತಿರುವಿನಲ್ಲಿ ಮುಂದಿನ ಹಿಂದಿನ ಶಾಫ್ಟ್ ಒಂದಕ್ಕೊಂದು ಜಗ್ಗಾಡಿ ಗೇರ್ ಬಾಕ್ಸಿಗೆ ಪೆಟ್ಟಾಗುತ್ತದೆ. ಸಡಿಲ ಮಣ್ಣಿಗೆ ಒಯ್ಯಿರಿ. ಮುಂದಿನ ಚಕ್ರದ ನಡುವೆ ಕೈಯಲ್ಲಿ ತಿರುಗಿಸುವ ಹಬ್ ಲಾಕ್ (ಚಕ್ರವನ್ನು ಶಾಫ್ಟಿಗೆ ಜೋಡಿಸುವ ಬೀಗ) ಇದ್ದರೆ ಎರಡನ್ನೂ ಹಾಕಿ. ಫೋರ್ ಲೋಗೆ ಹಾಕಿ ಸ್ವಲ್ಪ ಎಳೆಸಿ, ಇನ್ನೊಬ್ಬರು ದೂರ ನಿಂತು ಮುಂದಿನ ಚಕ್ರ ಮಣ್ಣು ಕೆರೆಯುತ್ತದಾ ನೋಡಲಿ. ಅತಿ ಮುಖ್ಯವಾದದ್ದು ಇಳಿಜಾರಿನ ಪರೀಕ್ಷೆ. ಸುರಕ್ಷಿತವಾದ, ಸಣ್ಣ ಇಳಿಜಾರಿನಲ್ಲಿ ಫೋರ್ ಲೋ, ಮೊದಲ ಗೇರಿನಲ್ಲಿ ಆ್ಯಕ್ಸಿಲರೇಟರ್ ಬಿಟ್ಟು ಇಳಿಸಿ. ಲಿವರ್ ತಾನಾಗಿ ನ್ಯೂಟ್ರಲ್‌ಗೆ ಹಾರಿದರೆ ಆ ಗಾಡಿ ಬೇಡ. ನಾನು ಬಿಟ್ಟುಬಂದ ಎರಡನೇ ಜೀಪು ಹೀಗೇ ಹಾರಿತ್ತು. ಬಣ್ಣ ಎಷ್ಟು ಚೆನ್ನಾಗಿತ್ತು ಅಂತೀರಿ!

ಕಾಗದ ಪತ್ರದಲ್ಲಿ ಹಳೇ ಜೀಪಿನವರು ಮಾಡುವಷ್ಟು ಗೋಲ್‌ಮಾಲ್ ಬೇರೆ ಯಾರೂ ಮಾಡುವುದಿಲ್ಲ. ಉದ್ದದ ಗಾಡಿ ಕತ್ತರಿಸಿ ಗಿಡ್ಡ ಮಾಡಿರುತ್ತಾರೆ, ಬೇರೆ ಎಂಜಿನ್ ಕೂರಿಸಿರುತ್ತಾರೆ. ಚಾಸಿ ನಂಬರ್, ಎಂಜಿನ್ ನಂಬರ್ ಎರಡನ್ನೂ ನೀವೇ ಉಜ್ಜಿ ಓದಿ, ಆರ್‌ಸಿ ಜೊತೆ ಹೋಲಿಸಿ. ಒಂದು ಅಕ್ಷರ ತಪ್ಪಿದರೂ ವಾಪಸ್ ಬನ್ನಿ. ಸಾಲ ಇತ್ತಾದರೆ ಅದು ತೀರಿದೆ ಅನ್ನುವ ಬ್ಯಾಂಕಿನ ಫಾರ್ಮ್ 35 ಕೇಳಿ. ವರ್ಗಾವಣೆಗೆ ಫಾರ್ಮ್ 29 ಮತ್ತು 30. ಸ್ವಂತ ಬಳಕೆಯ ಗಾಡಿಗೆ ಆರ್‌ಸಿ 15 ವರ್ಷ, ಆಮೇಲೆ ಐದೈದು ವರ್ಷ ನವೀಕರಣ. 15 ದಾಟಿದ ಕಾರು ಜೀಪುಗಳ ನವೀಕರಣ ಶುಲ್ಕ 2022ರ ಏಪ್ರಿಲ್‌ನಿಂದ 600 ಇದ್ದದ್ದು 5000 ಆಯಿತು, 20 ದಾಟಿದರೆ ಇನ್ನೂ ಜಾಸ್ತಿ. ಹಳದಿ ಬೋರ್ಡಿನ ಪಿಕಪ್ಪಾದರೆ ಎಂಟು ವರ್ಷದ ನಂತರ ವರ್ಷ ವರ್ಷ ಎಫ್‌ಸಿ (ಗಾಡಿ ಸುಸ್ಥಿತಿಯಲ್ಲಿದೆ ಅನ್ನುವ ಪ್ರಮಾಣಪತ್ರ) ಮಾಡಿಸಬೇಕು. ಕೆಲಸದವರನ್ನು ಪಿಕಪ್ಪಿನ ಹಿಂದೆ ನಿಲ್ಲಿಸಿಕೊಂಡು ಬರುವ ಅಭ್ಯಾಸ ನಮ್ಮ ಕಡೆ ಇದೆ. ಸರಕಿನ ಗಾಡಿಯಲ್ಲಿ ಹಾಗೆ ಕೂತವರಿಗೆ ಏನಾದರೂ ಆದರೆ ವಿಮೆಯವರು ಕೈ ಎತ್ತುತ್ತಾರೆ. ನಾನು ಜೀಪಿಗೆ ಬರಲು ಇದೂ ಒಂದು ಕಾರಣ.

ಟೈರಿಗೆ ಪ್ರತ್ಯೇಕ ದುಡ್ಡು ಇಟ್ಟುಕೊಳ್ಳಿ. ನಮ್ಮ ಜೇಡಿಗೆ ಅಗಲದ ಟೈರು ಶೋಕಿ. ಕಿರಿದಾದ, ಆಳ ಕಚ್ಚಿನ ಟೈರು ಕೆಸರು ಸೀಳಿಕೊಂಡು ಕೆಳಗಿನ ಗಟ್ಟಿ ನೆಲ ಮುಟ್ಟುತ್ತದೆ. ದೊಡ್ಡ ಮಳೆಯ ಎರಡು ತಿಂಗಳು ಹಿಂದಿನ ಚಕ್ರಕ್ಕೆ ಕಬ್ಬಿಣದ ಚೈನ್ ಕಟ್ಟುತ್ತೇವೆ. ಟಾರು ಸಿಕ್ಕ ತಕ್ಷಣ ಬಿಚ್ಚಬೇಕು. ಮೊದಲ ಸಲ ನನಗೆ ಮುಕ್ಕಾಲು ಗಂಟೆ ಹಿಡಿಯಿತು, ಈಗ ಹತ್ತು ನಿಮಿಷ.

ಕೊನೆಗೆ ನಾನು ಕೊಂಡದ್ದು 2012ರ ಥಾರ್ ಡಿಐ, ಫೋರ್ ವೀಲ್. 2020ರಲ್ಲಿ 4 ಲಕ್ಷದ 10 ಸಾವಿರ. ಚೌಕಾಸಿಗೆ ಕ್ಲಚ್ಚು ಸುಟ್ಟ ವಾಸನೆ ಸಹಾಯ ಮಾಡಿತು. ಮನೆಗೆ ತಂದ ವಾರದಲ್ಲೇ ಎಂಜಿನ್, ಗೇರ್ ಬಾಕ್ಸ್, ಎರಡೂ ಡಿಫರೆನ್ಷಿಯಲ್ಲಿನ ಆಯಿಲ್ ಪೂರ್ತಿ ಬದಲಿಸಿದೆವು. ಮಾರಿದವರು ಬದಲಿಸಿದ್ದೇವೆ ಅಂದಿದ್ದರು, ಇರಲಿ. ಕ್ಲಚ್ ಪ್ಲೇಟ್, ಬ್ರೇಕ್ ಲೈನರ್, ಐದು ಟೈರು, ಬ್ಯಾಟರಿ, ಟಾರ್ಪಾಲಿನ ಟಾಪು ಸೇರಿ ಇನ್ನೂ 68 ಸಾವಿರ ಆಯಿತು. ಗ್ಯಾರೇಜಿನವರು ಮೊದಲ ದಿನವೇ ಅಂದಾಜು 70 ಹೇಳಿದ್ದರು.