ಮುದ್ದೆ ಗಾತ್ರದ ಚೆಂಡು ಹೂವಿಗೆ ಜೇನು ಯಾಕೆ ಬರಬೇಕು?

ಮೊನ್ನೆ ಸೊಸೆ ನರ್ಸರಿಯಿಂದ ಒಂದು ಚೆಂಡು ಹೂವಿನ ಕುಂಡ ತಂದಳು. ಒಂದು ಗಿಡ, ನೆತ್ತಿ ಮೇಲೆ ರಾಗಿ ಮುದ್ದೆಯಷ್ಟು ದೊಡ್ಡ ಒಂದೇ ಹೂ. ಎಂಟು ದಿನ ಕಾದು, "ಅತ್ತೆ, ನಮ್ಮ ತಾರಸಿಗೆ ಒಂದು ಜೇನೂ ಬರ್ತಿಲ್ಲ, ಬದನೆ ಹೂವೆಲ್ಲ ಉದುರಿ ಹೋಗ್ತಿದೆ" ಅಂತ ಮುಖ ಸಪ್ಪಗೆ ಮಾಡಿದಳು. ಬರೋದಾದರೂ ಯಾಕೆ? ಆ ಹೂವನ್ನ ಬಿಡಿಸಿ ನೋಡು ಅಂದೆ. ಒಳಗೆಲ್ಲ ಬರೀ ಎಸಳು. ಚೆಂಡು ಹೂ, ಸೇವಂತಿಗೆ ಇವೆಲ್ಲ ಒಂದೊಂದೇ ಹೂವಲ್ಲ, ನೂರಾರು ಪುಟ್ಟ ಹೂಗಳ ಗುಂಪು. ನಡುವಿನ ಹಳದಿ ಗುಂಡಿಯಲ್ಲಿರೋ ಸಣ್ಣ ಸಣ್ಣ ಕೊಳವೆಗಳಲ್ಲೇ ಮಕರಂದ, ಪರಾಗ ಎಲ್ಲ ಇರೋದು. ದಪ್ಪ ಹೂ ಬೇಕು ಅಂತ ಆ ಗುಂಡಿಯನ್ನೆಲ್ಲ ಎಸಳು ಮಾಡಿಸಿಬಿಟ್ಟರೆ ಜೇನಿಗೆ ಉಳಿಯೋದೇನು? ಊಟವಿಲ್ಲದ ಚಪ್ಪರ.

ನಾನು ಹಾಸನದ ಕಡೆ ಹಳ್ಳಿಯವಳು. ನಮ್ಮ ರಾಗಿ ಹೊಲದಲ್ಲಿ ಅಕ್ಕಡಿ ಸಾಲಿಗೆ, ಅಂದರೆ ರಾಗಿಯ ನಡುನಡುವೆ ಬಿಡೋ ಬೇರೆ ಬೆಳೆಯ ಸಾಲಿಗೆ, ಅವರೆ, ಸಾಸಿವೆ, ಹುಚ್ಚೆಳ್ಳು ಹಾಕೋರು. ನವರಾತ್ರಿ ಹೊತ್ತಿಗೆ ಹುಚ್ಚೆಳ್ಳು ಅರಳಿದರೆ ಹೊಲಕ್ಕೆ ಅರಿಶಿನ ಚೆಲ್ಲಿದ ಹಾಗೆ, ಬೆಳಗ್ಗೆ ಬದುವಿನ ಮೇಲೆ ನಿಂತರೆ ಗುಂಯ್ ಅನ್ನೋ ಸದ್ದು. ಆ ಗಿಡಕ್ಕೂ ಜೇನು ಬೇಕೇಬೇಕು, ತನ್ನ ಪರಾಗ ತನಗೆ ಒಗ್ಗೋದಿಲ್ಲ, ಪಕ್ಕದ ಗಿಡದ್ದು ಬಂದರೇನೇ ಕಾಳು ಕಟ್ಟೋದು. ಅಂಗಡಿಯಲ್ಲಿ ಚಟ್ನಿಪುಡಿಗೆ ಅಂತ ತರ್ತೀರಲ್ಲ, ಅದರಲ್ಲೇ ಒಂದು ಹಿಡಿ ಎತ್ತಿಟ್ಟು ಆಗಸ್ಟ್‌ನಲ್ಲಿ ಕುಂಡದ ಅಂಚಿಗೆ ಚೆಲ್ಲಿ, ಸಾಕು. ಉಳಿದದ್ದನ್ನ ಹುರಿಯುವಾಗ ಉರಿ ಸಣ್ಣಗಿರಲಿ, ಚಟಪಟ ನಿಂತ ತಕ್ಷಣ ಇಳಿಸಿ. ಕಪ್ಪು ಕಾಳು, ಸೀದದ್ದು ಕಣ್ಣಿಗೆ ಕಾಣೋದಿಲ್ಲ, ಪುಡಿ ಕಹಿಯಾದ ಮೇಲೇ ಗೊತ್ತಾಗೋದು. ಈಗಿನ ಮಕ್ಕಳು ಫೋನ್ ಹಿಡಿದು ಹುರಿಯೋದನ್ನ ನೋಡಿದರೆ ನನಗೆ ಮೈ ಉರಿಯುತ್ತೆ.

ಚೆಂಡು ಹೂವಿಗೆ ಬರ್ತೀನಿ. ನಾಟಿ ಬೀಜ ತಗೊಳ್ಳಿ, ಸಣ್ಣ ಹೂ, ನಡುವೆ ಗುಂಡಿ ಕಾಣೋ ಅಂಥದ್ದು. ಜೂನ್ ಕೊನೆಗೆ ಒಟ್ಲು ಹಾಕಿ, ಅಂದರೆ ಒಂದೇ ಕಡೆ ಬೀಜ ಚೆಲ್ಲಿ ಸಸಿ ಎಬ್ಬಿಸಿ, ಭೀಮನ ಅಮಾವಾಸ್ಯೆ ಹೊತ್ತಿಗೆ ಕಿತ್ತು ನೆಡಿ. ಗೊಬ್ಬರ ಅತಿಯಾಗಬಾರದು, ಎಲೆ ಕೊಬ್ಬುತ್ತೆ, ಹೂ ಬರಲ್ಲ. ಇಷ್ಟೆಲ್ಲ ನಿಮಗೆ ಗೊತ್ತು. ಗೊತ್ತಿಲ್ಲದ್ದು ಚಿವುಟೋದು. ಗಿಡ ಗೇಣುದ್ದ ಆಗಿ ಐದಾರು ಜೊತೆ ಎಲೆ ಬಂದಾಗ ತುದಿ ಚಿವುಟಬೇಕು. ಇಬ್ಬನಿ ಆರಿದ ಮೇಲೆ, ಮಳೆ ಇಲ್ಲದ ದಿನ. ಕತ್ತರಿ ಬೇಡ, ಚಾಕು ಬೇಡ, ಹೆಬ್ಬೆರಳಿನ ಉಗುರು ಸಾಕು. ತುದಿಯ ಎರಡು ಎಳೆ ಎಲೆ ಸಮೇತ ಹಿಡಿದು ಒತ್ತಿದರೆ ಚಟ್ ಅಂತ ಮುರಿಯಬೇಕು. ನಾರು ಎಳೀತು ಅಂದರೆ ಬಲಿತ ಕಡೆ ಕೈ ಹಾಕಿದ್ದೀರಿ, ಇನ್ನೂ ಮೇಲಕ್ಕೆ ಹೋಗಿ. ಅವತ್ತು ತಲೆ ಮೇಲೆ ನೀರು ಹುಯ್ಯಬೇಡಿ, ಬುಡಕ್ಕೆ ಮಾತ್ರ. ಹತ್ತು ಹನ್ನೆರಡು ದಿನಕ್ಕೆ ಪ್ರತಿ ಎಲೆಯ ಕಂಕುಳಲ್ಲೂ ಕವಲು ಒಡೆಯುತ್ತೆ, ಒಂದು ಮೊಗ್ಗಿನ ಜಾಗದಲ್ಲಿ ಎಂಟು ಹತ್ತು.

ಆದರೆ ಎಲ್ಲ ಗಿಡವನ್ನೂ ಒಂದೇ ದಿನ ಚಿವುಟಬೇಡಿ! ಇದನ್ನ ಹೇಳಿ ಹೇಳಿ ನನ್ನ ಬಾಯಿ ನೋಯ್ತು. ಹತ್ತು ಗಿಡ ಇದ್ದರೆ ಎರಡನ್ನ ಹಾಗೇ ಬಿಡಿ, ಅವು ಮೊದಲು ಅರಳುತ್ತವೆ. ನಾಲ್ಕನ್ನ ವರಮಹಾಲಕ್ಷ್ಮಿ ವಾರದಲ್ಲಿ, ಇನ್ನು ನಾಲ್ಕನ್ನ ಗೌರಿ ಬಾಗಿನ ಕೊಡೋ ಹೊತ್ತಿಗೆ. ಅಲ್ಲಿಂದಾಚೆ ಕೈ ಮುಟ್ಟಕೂಡದು. ಹೀಗೆ ಮಾಡಿದರೆ ಗಣೇಶನಿಂದ ದೀಪಾವಳಿವರೆಗೆ ಒಂದು ದಿನವೂ ಹೂ ತಪ್ಪೋದಿಲ್ಲ. ಜೇನು ಒಮ್ಮೆ ದಾರಿ ಕಂಡುಕೊಂಡರೆ ದಿನಾ ಬರುತ್ತೆ, ನಡುವೆ ಹದಿನೈದು ದಿನ ಊಟ ತಪ್ಪಿತೋ, ಬೇರೆ ಮನೆ ನೋಡಿಕೊಳ್ಳುತ್ತೆ. ನಮ್ಮಮ್ಮ ಚಿವುಟಿದ ಗಿಡಕ್ಕೆ ಗುರುತಿಗೆ ಬಾಳೆ ನಾರು ಕಟ್ಟೋಳು. ನಾನು ಹಳೇ ಸೀರೆಯ ಅಂಚು ಕಟ್ತೀನಿ.

ಸೇವಂತಿಗೆಗೂ ಇದೇ, ಆದರೆ ಅದಕ್ಕೆ ಇನ್ನೊಂದು ಹಟ ಇದೆ. ಅದಕ್ಕೆ ಉದ್ದನೆಯ ಕತ್ತಲು ಬೇಕು. ನಮ್ಮ ಬೀದಿಗೆ ಹೊಸ ದೀಪ ಬಂದ ವರ್ಷ ಗೇಟಿನ ಪಕ್ಕದ ಕುಂಡ ಮೊಗ್ಗೇ ಹಿಡಿಯಲಿಲ್ಲ. ಹಿತ್ತಲಿಗೆ ಎತ್ತಿಟ್ಟ ಮೇಲೆ ಮಹಾರಾಣಿ ಹಾಗೆ ಅರಳಿತು.

ತುಳಸಿ ತೆನೆಯನ್ನ ಕಂಡ ಕಂಡ ಹಾಗೆ ಕಿತ್ತು ಹಾಕ್ತೀರಲ್ಲ, ನಾಲ್ಕು ಬಿಡಿ. ಮುಜಂಟಿ ಅಂತ ಚುಚ್ಚದ ಪುಟ್ಟ ಜೇನಿದೆಯಲ್ಲ, ಅದಕ್ಕೆ ಅದು ಹಬ್ಬದೂಟ. ಪಕ್ಕದಲ್ಲಿ ಕಾಮಕಸ್ತೂರಿ ಇದ್ದರೆ ಇನ್ನೂ ಚೆನ್ನ. ಬೇವಿನೆಣ್ಣೆ ಸಿಂಪಡಿಸಲೇಬೇಕು ಅಂದರೆ ಸೂರ್ಯ ಮುಳುಗಿದ ಮೇಲೆ, ಹೂವಿಗೆ ತಾಗದ ಹಾಗೆ. ಬೆಳಗ್ಗೆ ಎಂಟಕ್ಕೆ ಪಂಪು ಹಿಡಿದು ನಿಲ್ಲೋರಿಗೆ ಏನು ಹೇಳಲಿ.

ಬದನೆ ಹೂ ಉದುರೋ ಮಾತು ಬಂತಲ್ಲ. ಅದರ ಪರಾಗ ಉಪ್ಪಿನ ಡಬ್ಬಿಯಲ್ಲಿರೋ ಹಾಗೆ ಸಣ್ಣ ತೂತಿನೊಳಗಿರುತ್ತೆ, ಅಲ್ಲಾಡಿಸಿದರೇ ಬೀಳೋದು. ನೀಲಿ ಪಟ್ಟೆಯ ಒಂಟಿ ಜೇನೊಂದಿದೆ, ಹೂವನ್ನ ತಬ್ಬಿ ಝುಂ ಅಂತ ನಡುಗಿಸಿ ಉದುರಿಸಿಕೊಳ್ಳುತ್ತೆ. ನಮ್ಮ ಹಳೇ ಮನೆಯ ಮಣ್ಣಿನ ಗೋಡೆ ತುಂಬ ಅವುಗಳ ತೂತು. ಅಪ್ಪ ಮೆತ್ತಲು ಹೋದರೆ ಅಮ್ಮ ಬಿಡುತ್ತಿರಲಿಲ್ಲ. ನೀವು ಅಂಗಳಕ್ಕೆಲ್ಲ ಟೈಲ್ಸ್ ಹಾಕಿಸಿ ಅದು ಬರಲ್ಲ ಅಂದರೆ? ಒಂದು ಮೊಳ ಮಣ್ಣು ಹಾಗೇ ಬಿಡಿ, ನೀರಿಲ್ಲದ ಮೂಲೆಯಲ್ಲಿ.

ನಾಟಿ ಬೀಜ ನನ್ನ ಹತ್ತಿರ ಬಟ್ಟೆ ಗಂಟಿನಲ್ಲಿದೆ, ಕೇಳಿದವರಿಗೆಲ್ಲ ಕೊಡ್ತೀನಿ. ಜೂನ್‌ನಲ್ಲಿ ಬನ್ನಿ. ಆಯುಧಪೂಜೆಗೆ ನಾಲ್ಕು ದಿನ ಇರುವಾಗ ಬಂದು "ಅಜ್ಜಿ, ಬೇಗ ಅರಳೋಕೆ ಏನಾದರೂ ಹಾಕಬಹುದಾ" ಅಂತ ಮಾತ್ರ ಕೇಳಬೇಡಿ.