ಗ್ಲೋಬ್ ಮೇಲೆ ನೂಲು ಹಿಡಿದು ವಿಮಾನದ ದಾರಿ ಅಳೆಯುವುದು

ಕುಂಬಳೆಯಲ್ಲಿ ನಾನು ವಿಮಾನದ ಟಿಕೆಟ್ ಬುಕ್ ಮಾಡಿಕೊಡುತ್ತೇನೆ. ಗಲ್ಫಿಗೆ ಹೋಗುವವರಿಗೆ ಏನೂ ವಿವರಿಸಬೇಕಾಗಿಲ್ಲ. ಮಂಗಳೂರಿನಿಂದ ದುಬೈಗೆ ಸುಮಾರು 2,460 ಕಿ.ಮೀ., ಮೂರೂವರೆ ಗಂಟೆ ಅಂತ ಮನೆಮನೆಗೂ ಗೊತ್ತು. ಪ್ರಶ್ನೆ ಬರುವುದು ಮಗಳ ಬಾಣಂತನಕ್ಕೆ ಅಮೆರಿಕಕ್ಕೆ ಹೊರಟ ಅಮ್ಮಂದಿರಿಂದ. "ಎಷ್ಟು ಹೊತ್ತು ಕೂತಿರಬೇಕು ಮಾರಾಯ್ರೆ?"

ಟಿಕೆಟ್ಟಿನಲ್ಲಿ ಹೊರಡುವ ಹೊತ್ತು ಹೊರಡುವ ಊರಿನದ್ದು, ಇಳಿಯುವ ಹೊತ್ತು ಇಳಿಯುವ ಊರಿನದ್ದು. ನೇರ ವಿಮಾನ ಬೆಂಗಳೂರಿನಿಂದ ಮಧ್ಯಾಹ್ನ 2.30ಕ್ಕೆ ಹೊರಟು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಅದೇ ದಿನ ಸಂಜೆ 5ಕ್ಕೆ ಇಳಿಯುತ್ತದೆ ಅಂತ ಇಟ್ಟುಕೊಳ್ಳಿ. ಸುಮ್ನೆ ಕಳೆದರೆ ಎರಡೂವರೆ ಗಂಟೆ! ಅದಕ್ಕೆ ನಾನು ಎರಡನ್ನೂ ನಮ್ಮ ಗಡಿಯಾರಕ್ಕೆ ತರುತ್ತೇನೆ. ಚಳಿಗಾಲದಲ್ಲಿ ಆ ಊರು ನಮಗಿಂತ ಹದಿಮೂರೂವರೆ ಗಂಟೆ ಹಿಂದೆ. ಅಂದರೆ ಇಳಿಯುವಾಗ ಇಲ್ಲಿ ಮರುದಿನ ಬೆಳಿಗ್ಗೆ 6.30. ಪ್ರಯಾಣ 16 ಗಂಟೆ. ಮಾರ್ಚ್‌ನ ಎರಡನೇ ಭಾನುವಾರದಿಂದ ನವೆಂಬರಿನ ಮೊದಲ ಭಾನುವಾರದವರೆಗೆ ಅಲ್ಲಿ ಗಡಿಯಾರ ಒಂದು ಗಂಟೆ ಮುಂದೆ ಇಡುತ್ತಾರೆ. ಆಗ ವ್ಯತ್ಯಾಸ ಹನ್ನೆರಡೂವರೆ.

ಈ 16 ಗಂಟೆ ಸರಿಯೇ ಅಂತ ನೋಡಲು ನನ್ನ ಮೇಜಿನ ಮೇಲೆ 30 ಸೆಂ.ಮೀ. ಅಡ್ಡಳತೆಯ ಗ್ಲೋಬ್ ಇದೆ. ಭೂಮಿಯ ಸುತ್ತಳತೆ ಸುಮಾರು 40,000 ಕಿ.ಮೀ. ಗ್ಲೋಬಿನದ್ದು 94 ಸೆಂ.ಮೀ. ಅಲ್ಲಿಗೆ ಒಂದು ಸೆಂ.ಮೀ. ಅಂದರೆ 425 ಕಿ.ಮೀ. ಎರಡು ಊರಿನ ನಡುವೆ ನೂಲನ್ನು ಬಿಗಿಯಾಗಿ ಎಳೆದರೆ 33 ಸೆಂ.ಮೀ. ಬರುತ್ತದೆ, ಹತ್ತಿರ ಹತ್ತಿರ 14,000 ಕಿ.ಮೀ. ಗಂಟೆಗೆ 900 ಕಿ.ಮೀ. ವೇಗಕ್ಕೆ ಹದಿನೈದೂವರೆ ಗಂಟೆ. ಏರಲು, ಇಳಿಯಲು ಅರ್ಧ ಗಂಟೆ ಸೇರಿಸಿದರೆ ಲೆಕ್ಕ ಕೂಡುತ್ತದೆ.

ನೂಲು ಹೋಗುವ ದಾರಿ ನೋಡಿ ಎಲ್ಲರಿಗೂ ಆಶ್ಚರ್ಯ. ಗೋಡೆಯ ನಕಾಶೆಯಲ್ಲಿ ಪೆಸಿಫಿಕ್ ದಾಟಬೇಕು ಅನಿಸುತ್ತದೆ, ಅಲ್ವಾ? ನೂಲು ಟಿಬೆಟ್, ಮಂಗೋಲಿಯಾ, ಸೈಬೀರಿಯಾ ದಾಟಿ ಅಲಾಸ್ಕಾದ ಮೇಲೆ ಇಳಿಯುತ್ತದೆ. 2023ರ ಜೂನ್‌ನಲ್ಲಿ ದೆಹಲಿಯಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಹೊರಟ ಏರ್ ಇಂಡಿಯಾ ವಿಮಾನ ಎಂಜಿನ್ ತೊಂದರೆಯಿಂದ ಇಳಿದದ್ದು ಇದೇ ಕಡೆ, ರಷ್ಯಾದ ಪೂರ್ವ ಭಾಗದ ಮಗದಾನ್‌ನಲ್ಲಿ. ದುಬೈಯಿಂದ ನೂಲು ಎಳೆದರಂತೂ ಉತ್ತರ ಧ್ರುವದ ಪಕ್ಕದಲ್ಲೇ ಹಾಯುತ್ತದೆ, ಸುಮಾರು 13,000 ಕಿ.ಮೀ. ಹಾಗಾಗಿ ಮಂಗಳೂರು–ದುಬೈ ದಾರಿ ಹಿಡಿದರೆ ಜಾಸ್ತಿಯಾಗುವ ದೂರ ಬರೀ 1,500 ಕಿ.ಮೀ. ನಮ್ಮ ಊರಿನ ವಯಸ್ಸಾದವರಿಗೆ ನಾನು ಇದನ್ನೇ ಹೇಳುತ್ತೇನೆ. ಬೆಂಗಳೂರಿಗೆ ರಾತ್ರಿ ಬಸ್ಸಿನಲ್ಲಿ ಹೋಗುವುದು ತಪ್ಪುತ್ತದೆ, ನಡುವೆ ಕಾಲು ಚಾಚಲೂ ಆಗುತ್ತದೆ.

ಗಾಳಿಯ ಲೆಕ್ಕವೂ ಇದೆ. ಮೇಲೆ ಗಾಳಿ ಹೆಚ್ಚಾಗಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುತ್ತದೆ. ದುಬೈಯಿಂದ ಬರುವಾಗ ಬೇಗ ಮುಟ್ಟುವುದು ಅದಕ್ಕೇ. ಸ್ಯಾನ್ ಫ್ರಾನ್ಸಿಸ್ಕೋದಿಂದ ನೇರ ವಿಮಾನದಲ್ಲಿ ಬೆಂಗಳೂರಿಗೆ ಮರಳುವಾಗ ಆ ಗಾಳಿ ಎದುರಾಗುತ್ತದೆ, ಹಾಗಾಗಿ ಅವರಿಗೆ ಒಂದು ಗಂಟೆ ಹೆಚ್ಚೇ ಹೇಳಿಡುತ್ತೇನೆ.

ಕೊನೆಗೆ ಒಂದು ಚೀಟಿಯಲ್ಲಿ ಇಡೀ ಪ್ರಯಾಣವನ್ನು ನಮ್ಮ ಗಡಿಯಾರದಲ್ಲೇ ಬರೆದುಕೊಡುತ್ತೇನೆ. ಸಕ್ಕರೆ ಕಾಯಿಲೆ ಇರುವವರು ಅದನ್ನು ಹೊರಡುವ ಮೊದಲೇ ಡಾಕ್ಟರಿಗೆ ತೋರಿಸಿ, ಮಾತ್ರೆ, ಇನ್ಸುಲಿನ್ ಹೊತ್ತು ಕೇಳಿ ಗುರುತು ಹಾಕಿಸಿಕೊಳ್ಳುತ್ತಾರೆ.